‘ಕಂಪ್ಯಾಟ್ರಿಯಟ್’: ಒಂದು ಪದದ ಚರಿತ್ರೆ

ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ‘ದೇಶಬಾಂಧವರೇ’ ಎಂಬ ಸಂಬೋಧನೆಯನ್ನು ನಾವೆಲ್ಲ ಕೇಳಿದ್ದೇವೆ. ಇದಕ್ಕೆ ಹತ್ತಿರವಾದ ಇಂಗ್ಲಿಷ್ ಪದ ‘ಕಂಪ್ಯಾಟ್ರಿಯಟ್’. ‘ಸಿಟಿಜನ್’ ಕಾನೂನಿನ ಪದ. ಪೌರತ್ವವನ್ನು ದಾಖಲೆ ತೋರಿಸಿ ಸ್ಥಾಪಿಸಬಹುದು. ‘ಕಂಪ್ಯಾಟ್ರಿಯಟ್’ ಸಂಬಂಧದ ಪದ. ಒಬ್ಬನೇ ಇದ್ದು ಯಾರೂ ದೇಶಬಾಂಧವನಾಗಲಾರ. ಬಾಂಧವ್ಯಕ್ಕೆ ಇನ್ನೊಬ್ಬರು ಬೇಕು. ಪರದೇಶದಲ್ಲಿ ನಮ್ಮ ನಾಡಿನವರು ಸಿಕ್ಕಾಗ ಈ ಪದ ಸಹಜವಾಗಿ ಬರುತ್ತದೆ. ಟೆನಿಸ್ ಅಂಗಳದಲ್ಲಿ ಒಂದೇ ದೇಶದ ಇಬ್ಬರು ಎದುರಾಳಿಗಳಾದರೂ ವರದಿಗಾರರು ಇದನ್ನೇ ಬಳಸುತ್ತಾರೆ.

ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ‘ಪತೇರ್’ ಎಂದರೆ ತಂದೆ. ಇದು ಸಂಸ್ಕೃತದ ‘ಪಿತೃ’ ಶಬ್ದದ ಸೋದರ. ಅದರಿಂದ ತಂದೆಯ ನಾಡು ಎಂಬರ್ಥದ ‘ಪತ್ರಿಸ್’, ಆ ನಾಡಿನವನು ಎಂಬರ್ಥದ ‘ಪತ್ರಿಯೋತೇಸ್’ ಹುಟ್ಟಿದವು. ಲ್ಯಾಟಿನ್ ಭಾಷೆಯಲ್ಲಿ ‘ಜೊತೆಗೆ’ ಎಂಬ ಅರ್ಥದ ಪೂರ್ವಪದ ಸೇರಿ, ಫ್ರೆಂಚ್ ಮೂಲಕ 16ನೆಯ ಶತಮಾನದ ಕೊನೆಯ ಹೊತ್ತಿಗೆ ಪದ ಇಂಗ್ಲಿಷಿಗೆ ಬಂತು. ‘ಪೇಟ್ರಿಯಟ್’ ಪದಕ್ಕೂ ಮೊದಲಿಗೆ ‘ಒಂದೇ ನಾಡಿನವನು’ ಎಂಬ ಅರ್ಥವಿತ್ತು; ‘ದೇಶಪ್ರೇಮಿ’ ಎಂಬ ಅರ್ಥ ಆಮೇಲೆ ಬೆಳೆದದ್ದು.

ಪ್ರಾಚೀನ ಗ್ರೀಕರು ತಮ್ಮ ನಗರರಾಜ್ಯದ ಸಹವಾಸಿಗಳನ್ನು ‘ಪೊಲಿತೇಸ್’, ಅಂದರೆ ಪೌರರು, ಎಂದು ಕರೆದರು. ‘ಪತ್ರಿಯೋತೇಸ್’ ಎಂಬುದು ಹೆಚ್ಚಾಗಿ ಪೌರತ್ವವಿಲ್ಲದ ಪರಕೀಯರಿಗೆ, ಗುಲಾಮರಿಗೆ ಸಲ್ಲುತ್ತಿದ್ದ ಮಾತು. ತತ್ತ್ವಜ್ಞಾನಿ ಪ್ಲೇಟೋ ತನ್ನ ‘ಲಾಸ್’ ಗ್ರಂಥದಲ್ಲಿ ಒಡೆಯರಿಗೆ ಒಂದು ಸಲಹೆ ಕೊಡುತ್ತಾನೆ: ಗುಲಾಮರು ಸುಲಭವಾಗಿ ಅಧೀನರಾಗಿರಬೇಕಾದರೆ ಅವರು ಒಂದೇ ನಾಡಿನವರಾಗಿರಬಾರದು, ಆದಷ್ಟೂ ಒಂದೇ ನುಡಿಯವರೂ ಆಗಿರಬಾರದು. ಹಕ್ಕಿಲ್ಲದವರ ನಡುವೆಯೂ ಬಾಂಧವ್ಯ ಎಂಥ ಬಲ ತುಂಬಬಲ್ಲದು ಎಂಬುದು ಒಡೆಯರ ಈ ಅಂಜಿಕೆಯಿಂದಲೇ ತಿಳಿಯುತ್ತದೆ.

ನಮ್ಮ ಪದಗಳಿಗೂ ಇಂಥ ಚರಿತ್ರೆಯಿದೆ. ‘ಪ್ರಜೆ’ಯ ಮೂಲಾರ್ಥ ಸಂತಾನ, ಅರಸ ತಂದೆ, ಜನ ಮಕ್ಕಳು ಎಂಬ ಭಾವ ಅದರಲ್ಲಿದೆ. ‘ನಾಗರಿಕ’ ನಗರದಿಂದ ಬಂದದ್ದು. ‘ದೇಶಬಾಂಧವ’ದಲ್ಲಿ ಮಾತ್ರ ಎಲ್ಲರೂ ಪರಸ್ಪರ ಬಂಧುಗಳು, ಸಮಾನರು. ಸಂವಿಧಾನದ ಪ್ರಸ್ತಾವನೆ ಸ್ವಾತಂತ್ರ್ಯ, ಸಮಾನತೆಗಳ ಜೊತೆಗೆ ಭ್ರಾತೃತ್ವವನ್ನೂ ಹೇಳುತ್ತದೆ. ಭ್ರಾತೃತ್ವವಿಲ್ಲದಿದ್ದರೆ ಉಳಿದೆರಡೂ ಬರಿಯ ಬಣ್ಣದ ಲೇಪನದಂತೆ ಎಂಬ ಎಚ್ಚರಿಕೆಯನ್ನು ಡಾ. ಬಿ. ಆರ್. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನೀಡಿದರು. ಜಾತಿಗಳು ಈ ಬಾಂಧವ್ಯವನ್ನು ಒಡೆಯುತ್ತವೆ ಎಂಬುದನ್ನೂ ಅವರು ಅಂದೇ ಸ್ಪಷ್ಟಪಡಿಸಿದರು.

ಪೌರತ್ವವನ್ನು ಸರ್ಕಾರ ಕೊಡಬಹುದು. ಬಾಂಧವ್ಯವನ್ನು ಜನರೇ ಒಬ್ಬರಿಗೊಬ್ಬರು ಕೊಡಬೇಕು. ಅದನ್ನು ಕಲಿಯಲು ಸರ್ಕಾರಿ ಶಾಲೆಯ ಬೆಂಚಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎಲ್ಲ ಕೇರಿಯ ಮಕ್ಕಳೂ ಅಲ್ಲಿ ಒತ್ತಾಗಿ ಕೂರುತ್ತಾರೆ. ದುಡಿಮೆ ಅರಸಿ ಬೇರೆ ರಾಜ್ಯಗಳಿಂದ ಬಂದವರ ಮಕ್ಕಳೂ ಈಗ ಅಂಥ ಬೆಂಚುಗಳಲ್ಲಿದ್ದಾರೆ. ಅವರ ಮನೆಮಾತು ಬೇರೆ. ಅವರಿಗೆ ಪಕ್ಕದಲ್ಲಿ ಜಾಗ ಬಿಟ್ಟುಕೊಡುವ ಮಗು, ನಿಘಂಟು ತೆರೆಯದೆಯೇ ಈ ಪದದ ಅರ್ಥವನ್ನು ತಿಳಿದಿರುತ್ತದೆ.