ಕೃತಕ ರೆಪ್ಪೆಗೂದಲು

ಕೃತಕ ರೆಪ್ಪೆಗೂದಲು ಎಂಬುದು ಕಣ್ಣುರೆಪ್ಪೆಯ ಅಂಚಿನಲ್ಲಿ ಅಂಟಿನ ಅಥವಾ ಅಯಸ್ಕಾಂತದ ಸಹಾಯದಿಂದ ತಾತ್ಕಾಲಿಕವಾಗಿ ಜೋಡಿಸಿಕೊಳ್ಳುವ ಪ್ರಸಾಧನ ಸಾಮಗ್ರಿ. ಸಹಜವಾದ ರೆಪ್ಪೆಗೂದಲು ಹೆಚ್ಚು ಉದ್ದವಾಗಿಯೂ ದಟ್ಟವಾಗಿಯೂ ಕಾಣುವಂತೆ ಮಾಡುವುದು ಇದರ ಉದ್ದೇಶ. ಚಲನಚಿತ್ರ, ರಂಗಭೂಮಿ ಮತ್ತು ನೃತ್ಯವೇದಿಕೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಇದು ಇಂದು ಮದುವೆಯ ಅಲಂಕಾರದವರೆಗೆ ಹಬ್ಬಿದೆ. ಕಾಯಿಲೆ ಅಥವಾ ಚಿಕಿತ್ಸೆಯ ಕಾರಣದಿಂದ ರೆಪ್ಪೆಗೂದಲನ್ನು ಕಳೆದುಕೊಂಡವರೂ ಇದನ್ನು ಬಳಸುವುದುಂಟು. ಕಣ್ಣುಗುಡ್ಡೆಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಅಂಟನ್ನು ಹಚ್ಚಬೇಕಾಗಿರುವುದರಿಂದ, ಅಂದದ ಆಯ್ಕೆಯಷ್ಟೇ ಅಂಟಿನ ಆಯ್ಕೆ, ಸಲಕರಣೆಗಳ ಸ್ವಚ್ಛತೆ ಮತ್ತು ತೆಗೆಯುವ ಕ್ರಮಗಳೂ ಮುಖ್ಯವಾಗುತ್ತವೆ.

ಹೆಸರು

ಕನ್ನಡದಲ್ಲಿ ‘ರೆಪ್ಪೆ’ ಮತ್ತು ‘ಎವೆ’ ಎಂಬ ಪದಗಳು ಕಣ್ಣನ್ನು ಮುಚ್ಚುವ ಚರ್ಮದ ಪದರಕ್ಕೂ ಅದರ ಅಂಚಿನ ಕೂದಲಿಗೂ ಬಳಕೆಯಾಗುತ್ತವೆ. ‘ಎವೆಯಿಕ್ಕದೆ ನೋಡು’ ಎಂಬಲ್ಲಿ ಪದರದ ಅರ್ಥವೇ ಮುಂದಾಗಿದೆ. ಸಂಸ್ಕೃತದ ‘ಪಕ್ಷ್ಮ’ ಎಂಬ ಪದ ಕೂದಲನ್ನು ಸೂಚಿಸುತ್ತದೆ. ಅಂಗಡಿಗಳಲ್ಲಿಯೂ ಅಲಂಕಾರಗೃಹಗಳಲ್ಲಿಯೂ ‘ಐಲ್ಯಾಶ್’ ಅಥವಾ ‘ಲ್ಯಾಶಸ್’ ಎಂಬ ಹೆಸರುಗಳೇ ರೂಢಿಯಲ್ಲಿವೆ. ಈ ಲೇಖನದಲ್ಲಿ ‘ರೆಪ್ಪೆ’ ಎಂದರೆ ಚರ್ಮದ ಪದರ, ‘ರೆಪ್ಪೆಗೂದಲು’ ಎಂದರೆ ಅದರ ಅಂಚಿನ ಕೂದಲು.

ಸಹಜ ರೆಪ್ಪೆಗೂದಲಿನ ಕಾರ್ಯ

ಮೇಲ್ರೆಪ್ಪೆಯಲ್ಲಿ ಸುಮಾರು 90ರಿಂದ 150, ಕೆಳರೆಪ್ಪೆಯಲ್ಲಿ ಸುಮಾರು 70ರಿಂದ 80 ಕೂದಲುಗಳಿರುತ್ತವೆ. ಮೇಲ್ರೆಪ್ಪೆಯ ಕೂದಲು ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್ ಉದ್ದ ಬೆಳೆಯುತ್ತದೆ. ಇವು ಧೂಳನ್ನು ತಡೆಯುತ್ತವೆ. ಏನಾದರೂ ಸೋಕಿದೊಡನೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುತ್ತವೆ. ಕೂದಲಿನ ಸಾಲಿನ ಹಿಂಬದಿಯಲ್ಲಿಯೇ ಮೈಬೋಮಿಯನ್ ಗ್ರಂಥಿಗಳ ಸೂಕ್ಷ್ಮ ರಂಧ್ರಗಳಿವೆ. ಅವು ಸ್ರವಿಸುವ ಎಣ್ಣೆಯಂಶವು ಕಣ್ಣೀರಿನ ಪದರದ ಮೇಲೆ ಹರಡಿ ಅದು ಬೇಗ ಆರದಂತೆ ಕಾಪಾಡುತ್ತದೆ. ಅಂಟು ಅಥವಾ ಬಣ್ಣ ಈ ರಂಧ್ರಗಳನ್ನು ಮುಚ್ಚಿದರೆ ಕಣ್ಣು ಒಣಗಿ ಉರಿಯತೊಡಗುತ್ತದೆ.

ಅಮೆರಿಕದ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ರೆಪ್ಪೆಗೂದಲಿನ ಉದ್ದವನ್ನು ಕುರಿತದ್ದು. 22 ಜಾತಿಯ ಸಸ್ತನಿಗಳನ್ನು ಪರಿಶೀಲಿಸಿದ ಅವರು, ರೆಪ್ಪೆಗೂದಲಿನ ಉದ್ದವು ಕಣ್ಣಿನ ಅಗಲದ ಸುಮಾರು ಮೂರನೆಯ ಒಂದು ಭಾಗದಷ್ಟಿರುವುದನ್ನು ಕಂಡರು. ಆ ಉದ್ದದಲ್ಲಿ ಕಣ್ಣಿನ ಮೇಲ್ಮೈಗೆ ತಾಗುವ ಗಾಳಿಯ ಹರಿವು ಕಡಿಮೆಯಾಗಿ, ತೇವ ಆರುವುದೂ ಧೂಳು ಕೂರುವುದೂ ತಗ್ಗುತ್ತವೆ. ಅದಕ್ಕಿಂತ ಉದ್ದವಾದಾಗ ಕೂದಲು ಗಾಳಿಯನ್ನು ಕಣ್ಣಿನ ಕಡೆಗೇ ಸಾಗಿಸುತ್ತದೆ. ಆದ್ದರಿಂದ ಉದ್ದ ಹೆಚ್ಚಿದಷ್ಟೂ ಕಣ್ಣಿಗೆ ರಕ್ಷಣೆ ಹೆಚ್ಚುತ್ತದೆ ಎನ್ನಲಾಗದು.

ಇತಿಹಾಸ

ಕಣ್ಣಿಗೆ ಕಪ್ಪು ಹಚ್ಚುವ ರೂಢಿ ಈಜಿಪ್ಟ್, ಭಾರತ ಮೊದಲಾದ ಪ್ರಾಚೀನ ನಾಗರಿಕತೆಗಳಲ್ಲಿ ಇತ್ತು. ಕೂದಲನ್ನೇ ಪ್ರತ್ಯೇಕವಾಗಿ ತಯಾರಿಸಿ ಅಂಟಿಸುವ ಪದ್ಧತಿ ಬೆಳೆದದ್ದು ಆಧುನಿಕ ಕಾಲದಲ್ಲಿ. ಕೂದಲನ್ನು ಶಾಶ್ವತವಾಗಿ ಗುಂಗುರಾಗಿಸುವ ವಿಧಾನಕ್ಕೆ ಹೆಸರಾದ ಜರ್ಮನ್ ಮೂಲದ ಕಾರ್ಲ್ ನೆಸ್ಲರ್ 20ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಕೃತಕ ಹುಬ್ಬು ಮತ್ತು ರೆಪ್ಪೆಗೂದಲುಗಳನ್ನು ತಯಾರಿಸಿದನು. ಕೆನಡಾದ ಅನ್ನಾ ಟೇಲರ್ 1911ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅರ್ಧಚಂದ್ರಾಕಾರದ ಸಣ್ಣ ಪಟ್ಟಿಗೆ ಕೂದಲನ್ನು ಸೇರಿಸಿ ರೆಪ್ಪೆಗೆ ಅಂಟಿಸುವುದು ಅವರ ವಿಧಾನ. ಇಂದಿನ ಪಟ್ಟಿಗಳ ಮೂಲರೂಪವೂ ಇದೇ.

1916ರ ಅಮೆರಿಕನ್ ಮೂಕಿಚಿತ್ರ ‘ಇನ್‌ಟಾಲರೆನ್ಸ್’ ಈ ಸಾಮಗ್ರಿಗೆ ಪ್ರಚಾರ ತಂದುಕೊಟ್ಟಿತು. ಬ್ಯಾಬಿಲೋನಿನ ಕಥಾಭಾಗದಲ್ಲಿ ನಟಿಸಿದ ಸೀನಾ ಓವೆನ್ ಅವರ ಕಣ್ಣುಗಳು ತೆರೆಯ ಮೇಲೆ ವಿಶಾಲವಾಗಿ ಕಾಣಬೇಕೆಂದು ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಬಯಸಿದ್ದರು. ಮನುಷ್ಯರ ಕೂದಲನ್ನು ತೆಳುವಾದ ಜಾಳಿಗೆಬಟ್ಟೆಯಲ್ಲಿ ನೇಯಿಸಿ, ನಾಟಕದವರು ಗಡ್ಡಮೀಸೆಗೆ ಬಳಸುತ್ತಿದ್ದ ಅಂಟಿನಿಂದ ನಟಿಯ ರೆಪ್ಪೆಗೆ ಅಂಟಿಸಲಾಯಿತು. ಇದರಿಂದ ನಟಿಯ ಕಣ್ಣುಗಳು ಊದಿಕೊಂಡವೆಂಬ ವೃತ್ತಾಂತವೂ ಪ್ರಚಲಿತವಾಗಿದೆ. ಚರ್ಮದ ಬೇರೆ ಭಾಗಕ್ಕೆ ಒಗ್ಗಿದ ಅಂಟು ರೆಪ್ಪೆಗೂ ಒಗ್ಗುವುದೆಂದು ಭಾವಿಸಬಾರದೆಂಬುದಕ್ಕೆ ಇದನ್ನು ಉದಾಹರಿಸುವುದುಂಟು.

ಇದಕ್ಕಿಂತ ಘೋರವಾದ ಪಾಠ ದೊರೆತದ್ದು 1930ರ ದಶಕದಲ್ಲಿ. ‘ಲ್ಯಾಶ್ ಲೂರ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ರೆಪ್ಪೆಗೂದಲಿನ ಬಣ್ಣದಿಂದ ಅಮೆರಿಕದಲ್ಲಿ ಕೆಲವು ಮಹಿಳೆಯರ ಕಣ್ಣುಗಳಿಗೆ ತೀವ್ರ ಹಾನಿಯಾಯಿತು, ದೃಷ್ಟಿನಾಶವೂ ಸಂಭವಿಸಿತು. ಆಗಿನ ಅಮೆರಿಕದ ಕಾನೂನು ಪ್ರಸಾಧನ ಸಾಮಗ್ರಿಗಳಿಗೆ ಅನ್ವಯವಾಗುತ್ತಿರಲಿಲ್ಲ. 1938ರಲ್ಲಿ ಜಾರಿಗೆ ಬಂದ ಆಹಾರ, ಔಷಧ ಮತ್ತು ಪ್ರಸಾಧನ ಕಾಯ್ದೆ ಅವುಗಳನ್ನೂ ನಿಯಂತ್ರಣದ ವ್ಯಾಪ್ತಿಗೆ ತಂದಿತು. ಭಾರತದಲ್ಲಿ ಪ್ರಸಾಧನ ಸಾಮಗ್ರಿಗಳ ನಿಯಂತ್ರಣಕ್ಕೆ 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ ಹಾಗೂ 2020ರ ಪ್ರಸಾಧನ ನಿಯಮಗಳು ಆಧಾರವಾಗಿವೆ.

1960ರ ದಶಕದಲ್ಲಿ ಬ್ರಿಟನ್ನಿನ ರೂಪದರ್ಶಿ ಟ್ವಿಗಿಯ ಅಲಂಕಾರದಿಂದಾಗಿ ದಟ್ಟವಾದ ಮೇಲ್ಗೂದಲು ಮತ್ತು ಕೆಳರೆಪ್ಪೆಯ ಮೇಲೆ ಬರೆದ ಗೆರೆಗಳು ಜನಪ್ರಿಯವಾದವು.

ತಯಾರಿಕೆ

ಕೃತಕ ರೆಪ್ಪೆಗೂದಲಿನ ತಯಾರಿಕೆಗೆ ಚೀನಾದ ಶಾಂಡಾಂಗ್ ಪ್ರಾಂತದ ಪಿಂಗ್‌ಡು ಮತ್ತು ಇಂಡೊನೇಷ್ಯಾದ ಮಧ್ಯ ಜಾವಾದಲ್ಲಿರುವ ಪುರ್ಬಾಲಿಂಗ್ಗಾ ಪ್ರಸಿದ್ಧ ಕೇಂದ್ರಗಳು. ಸಣ್ಣ ದಾರಕ್ಕೆ ಒಂದೊಂದೇ ಕೂದಲನ್ನು ಗಂಟುಹಾಕುವ ಕೆಲಸವನ್ನು ಪುರ್ಬಾಲಿಂಗ್ಗಾದಲ್ಲಿ ಹೆಚ್ಚಾಗಿ ಮಹಿಳೆಯರು ಕೈಯಿಂದಲೇ ಮಾಡುತ್ತಾರೆ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಪಟ್ಟಿಗಳು ಪಾಲಿಯೆಸ್ಟರ್ ಜಾತಿಯ ಕೃತಕ ನೂಲಿನವು. ಹೊದಿಕೆಯ ಮೇಲೆ ‘ಸಿಲ್ಕ್’ ಎಂದಿದ್ದರೂ ಅವು ಸಾಮಾನ್ಯವಾಗಿ ರೇಷ್ಮೆಯವಲ್ಲ. ಹೊಳಪು ಮತ್ತು ಮೃದುತ್ವವನ್ನು ಸೂಚಿಸುವ ಹೆಸರಷ್ಟೆ. ಮಿಂಕ್ ಎಂಬ ಪ್ರಾಣಿಯ ತುಪ್ಪಳದಿಂದಲೂ ಮನುಷ್ಯರ ಕೂದಲಿನಿಂದಲೂ ಪಟ್ಟಿಗಳನ್ನು ಮಾಡುವುದುಂಟು. ಮನುಷ್ಯರ ಕೂದಲಿನ ರಫ್ತಿನಲ್ಲಿ ಭಾರತ ಮುಂಚೂಣಿಯಲ್ಲಿದೆ. ಕರ್ನಾಟಕದಲ್ಲಿ ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರ ಕೂದಲಿನ ಸಂಸ್ಕರಣೆ ಮತ್ತು ವ್ಯಾಪಾರಕ್ಕೆ ಹೆಸರಾಗಿದೆ.

ವಿಧಗಳು

ಪಟ್ಟಿ: ರೆಪ್ಪೆಯ ಉದ್ದಕ್ಕೂ ಬರುವ ಒಂದೇ ತುಂಡು. ದಾರ ಕಪ್ಪಾಗಿರಬಹುದು ಅಥವಾ ಪಾರದರ್ಶಕವಾಗಿರಬಹುದು. ಎಚ್ಚರದಿಂದ ಬಳಸಿದರೆ ಹಲವು ಬಾರಿ ಉಪಯೋಗಕ್ಕೆ ಬರುತ್ತದೆ.

ಅರೆಪಟ್ಟಿ: ಕಣ್ಣಿನ ಹೊರತುದಿಯ ಭಾಗಕ್ಕೆ ಮಾತ್ರ ಅಂಟಿಸುವಂಥದು. ಹಗುರವಾಗಿರುವುದರಿಂದ ಹೊಸಬರಿಗೆ ಅನುಕೂಲ.

ಗೊಂಚಲು: ಮೂರುನಾಲ್ಕು ಅಥವಾ ಹೆಚ್ಚು ಕೂದಲುಗಳ ಸಣ್ಣ ಕಟ್ಟು. ಕೂದಲು ವಿರಳವಾಗಿರುವಲ್ಲಿ ಮಾತ್ರ ತುಂಬಲು ಉಪಯುಕ್ತ.

ಅಯಸ್ಕಾಂತದ ಪಟ್ಟಿ: ಇದರಲ್ಲಿ ಅತಿ ಸಣ್ಣ ಅಯಸ್ಕಾಂತಗಳಿರುತ್ತವೆ. ಕಬ್ಬಿಣದ ಆಕ್ಸೈಡ್ ಬೆರೆತ ಐಲೈನರನ್ನು ರೆಪ್ಪೆಗೆ ಬಳಿದು ಅದರ ಮೇಲೆ ಪಟ್ಟಿಯನ್ನು ಕೂರಿಸಲಾಗುತ್ತದೆ. ಎಂ.ಆರ್.ಐ. ಪರೀಕ್ಷೆಗೆ ಮುನ್ನ ಪಟ್ಟಿಯನ್ನೂ ಐಲೈನರನ್ನೂ ಪೂರ್ಣವಾಗಿ ತೆಗೆಯಲೇಬೇಕು.

ವಿಸ್ತರಣೆ: ಪ್ರತಿಯೊಂದು ಸಹಜ ಕೂದಲಿಗೂ ಕೃತಕ ಕೂದಲನ್ನು ಅಂಟಿಸುವ ವಿಧಾನ, ಕೆಲವು ವಾರಗಳವರೆಗೆ ಉಳಿಯುತ್ತದೆ. ತರಬೇತಿ ಪಡೆದವರು ಮಾತ್ರ ಮಾಡಬೇಕಾದ ಕೆಲಸ.

ಅಂಟು

ಪಟ್ಟಿಗಳಿಗೆ ಬಳಸುವ ಅಂಟುಗಳಲ್ಲಿ ಎರಡು ಬಗೆಗಳು ಮುಖ್ಯ. ಮೊದಲನೆಯದು ರಬ್ಬರ್ ಮರದ ಹಾಲಿನಿಂದ ಬರುವ ಲೇಟೆಕ್ಸ್ ಇರುವಂಥದು. ಎರಡನೆಯದು ಲೇಟೆಕ್ಸ್ ಇಲ್ಲದ ಅಕ್ರಿಲಿಕ್ ಮೂಲದ್ದು. ರಬ್ಬರಿನ ಕೈಚೀಲ ಅಥವಾ ಬಲೂನು ತಾಗಿದಾಗ ತುರಿಕೆಯಾಗುವವರು ಮೊದಲ ಬಗೆಯನ್ನು ಬಳಸಬಾರದು. ವಿಸ್ತರಣೆಗೆ ಬಳಸುವ ಅಂಟು ಸೈನೊಅಕ್ರಿಲೇಟ್ ವರ್ಗದ್ದು. ಮುರಿದ ವಸ್ತುಗಳನ್ನು ಜೋಡಿಸುವ ‘ಸೂಪರ್ ಗ್ಲೂ’ ಕೂಡ ಇದೇ ವರ್ಗಕ್ಕೆ ಸೇರಿದೆ. ತೇವ ತಾಗಿದೊಡನೆ ಗಟ್ಟಿಯಾಗುವ ಈ ಅಂಟಿನಿಂದ ಅಲ್ಪ ಪ್ರಮಾಣದ ಫಾರ್ಮಾಲ್ಡಿಹೈಡ್ ಬಿಡುಗಡೆಯಾಗಬಹುದು. ಮನೆಯಲ್ಲಿರುವ ಸೂಪರ್ ಗ್ಲೂವನ್ನು ಯಾವ ಕಾರಣಕ್ಕೂ ರೆಪ್ಪೆಗೆ ಬಳಸಕೂಡದು.

ಯಾವುದೇ ಹೊಸ ಅಂಟನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ 24ರಿಂದ 48 ಗಂಟೆ ಕಾದು ನೋಡಬೇಕು. ಮದುವೆ ಅಥವಾ ರಂಗಪ್ರವೇಶದ ದಿನವೇ ಹೊಸ ಅಂಟನ್ನು ಪರೀಕ್ಷಿಸುವುದು ಸರಿಯಲ್ಲ. ಅಂಟಿನ ಮೇಲೆ ಘಟಕಗಳ ಪಟ್ಟಿ ಮತ್ತು ಬಳಕೆಯ ಕಡೆಯ ದಿನಾಂಕ ಇಲ್ಲದಿದ್ದರೆ ಅದನ್ನು ಕೊಳ್ಳದಿರುವುದು ಲೇಸು.

ಆಯ್ಕೆ

ಪಟ್ಟಿಯನ್ನು ಆರಿಸುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ದಾರ. ಬಳುಕುವ ತೆಳ್ಳನೆಯ ದಾರ ರೆಪ್ಪೆಯ ಬಾಗಿಗೆ ಹೊಂದಿಕೊಳ್ಳುತ್ತದೆ; ದಪ್ಪನೆಯದು ಒಳತುದಿಯಲ್ಲಿ ಚುಚ್ಚುತ್ತದೆ, ಬೇಗ ಎದ್ದೂ ಬರುತ್ತದೆ. ಎರಡನೆಯದು ಉದ್ದ. ನಿತ್ಯದ ಸಮಾರಂಭಗಳಿಗೆ ಸಹಜ ಕೂದಲಿಗಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಿದ್ದರೆ ಸಾಕು. ಮೂರನೆಯದು ತೂಕ. ವಯಸ್ಸಾದಂತೆ ರೆಪ್ಪೆಯ ಚರ್ಮ ಸಡಿಲಗೊಳ್ಳುವುದರಿಂದ ದಟ್ಟವಾದ ಪಟ್ಟಿಯ ಭಾರಕ್ಕೆ ಕಣ್ಣು ಅರೆಮುಚ್ಚಿದಂತೆ ಕಾಣುತ್ತದೆ.

ಕಣ್ಣಿನ ಆಕಾರವೂ ಮುಖ್ಯ. ದುಂಡುಕಣ್ಣಿಗೆ ಹೊರತುದಿಯಲ್ಲಿ ಉದ್ದವಾಗುತ್ತ ಹೋಗುವ ಪಟ್ಟಿ ಹೊಂದುತ್ತದೆ. ಕಿರಿದಾದ ಕಣ್ಣಿಗೆ ನಡುವೆ ಉದ್ದವಿರುವುದು ಒಪ್ಪುತ್ತದೆ. ರೆಪ್ಪೆಯ ಮಡಿಕೆ ಕಣ್ಣಿನ ಮೇಲೆ ಇಳಿಬಿದ್ದಿದ್ದರೆ ಹಗುರವಾದ, ಮೇಲಕ್ಕೆ ಚೆನ್ನಾಗಿ ಬಾಗಿದ ಪಟ್ಟಿ ಬೇಕು. ಕನ್ನಡಕ ಧರಿಸುವವರು ಕನ್ನಡಕ ಹಾಕಿಕೊಂಡೇ ಕಣ್ಣು ಮಿಟುಕಿಸಿ ನೋಡಬೇಕು. ಕೂದಲು ಗಾಜಿಗೆ ತಾಗಿದರೆ ಗಾಜು ಮಸುಕಾಗುವುದಲ್ಲದೆ ಪಟ್ಟಿಯೂ ಕಣ್ಣಿನತ್ತ ಬಾಗುತ್ತದೆ.

ಸಲಕರಣೆಗಳು

ಚಿಮುಟ: ತುದಿ ಮೊಂಡಾಗಿರಬೇಕು ಅಥವಾ ಬಾಗಿರಬೇಕು. ಹುಬ್ಬು ಕೀಳುವ ಚೂಪಾದ ಚಿಮುಟವನ್ನು ಕಣ್ಣಿನ ಬಳಿ ತರಬಾರದು.

ಸಣ್ಣ ಕತ್ತರಿ: ಪಟ್ಟಿಯನ್ನು ಅಳತೆಗೆ ಕತ್ತರಿಸಲು. ಕಣ್ಣಿನಿಂದ ದೂರದಲ್ಲಿ ಹಿಡಿದೇ ಕತ್ತರಿಸಬೇಕು.

ಕರ್ಲರ್: ಸಹಜ ಕೂದಲನ್ನು ಮೇಲಕ್ಕೆ ಬಾಗಿಸುವ ಸಾಧನ. ಇದರ ರಬ್ಬರ್ ಮೆತ್ತೆ ಸವೆದರೆ ಲೋಹದ ಅಂಚು ಕೂದಲನ್ನು ಕತ್ತರಿಸುತ್ತದೆ. ಆದ್ದರಿಂದ ಮೆತ್ತೆಯನ್ನು ಆಗಾಗ ಬದಲಾಯಿಸಬೇಕು. ಮಸ್ಕಾರಾ ಹಚ್ಚುವ ಮೊದಲು ಮಾತ್ರ ಇದನ್ನು ಬಳಸಬೇಕು.

ಕುಂಚಗಳು: ಕೂದಲನ್ನು ಬಿಡಿಸಲು ಸುರುಳಿಕುಂಚ, ಗೆರೆ ಎಳೆಯಲು ಸಣ್ಣ ಕುಂಚ. ಇವನ್ನು ಸೌಮ್ಯವಾದ ಸಾಬೂನು ನೀರಿನಲ್ಲಿ ತೊಳೆದು, ಮಲಗಿಸಿ ಒಣಗಿಸಬೇಕು.

ಕನ್ನಡಿ: ಮೇಜಿನ ಮೇಲೆ, ಗಲ್ಲಕ್ಕಿಂತ ಕೆಳಗೆ ಇರಿಸಬಹುದಾದದ್ದು.

ಅಂಟಿಸುವ ಕ್ರಮ

1. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅಲಂಕಾರಕ್ಕೆ ಮೊದಲೇ ಲೆನ್ಸ್ ಹಾಕಿಕೊಳ್ಳಬೇಕು.

2. ರೆಪ್ಪೆಯ ಮೇಲಿನ ಎಣ್ಣೆಯಂಶವನ್ನು ಒರಸಿ ಒಣಗಿಸಬೇಕು. ಎಣ್ಣೆ ಉಳಿದರೆ ಅಂಟು ಹಿಡಿಯದು.

3. ಸಹಜ ಕೂದಲನ್ನು ಕರ್ಲರಿನಿಂದ ಬಾಗಿಸಿ, ಬೇಕಿದ್ದರೆ ತೆಳುವಾಗಿ ಮಸ್ಕಾರಾ ಹಚ್ಚಿ ಆರಲು ಬಿಡಬೇಕು.

4. ಪಟ್ಟಿಯನ್ನು ಅಂಟಿಲ್ಲದೆ ರೆಪ್ಪೆಯ ಮೇಲಿಟ್ಟು ಅಳತೆ ನೋಡಬೇಕು. ಕಣ್ಣಿನ ಒಳಮೂಲೆಯಿಂದ ಒಂದೆರಡು ಮಿಲಿಮೀಟರ್ ಜಾಗ ಬಿಟ್ಟು ಪಟ್ಟಿ ಆರಂಭವಾಗಬೇಕು. ಹೆಚ್ಚಾದುದನ್ನು ಹೊರತುದಿಯಲ್ಲಿಯೇ ಕತ್ತರಿಸಬೇಕು. ಒಳತುದಿಯಲ್ಲಿ ಕತ್ತರಿಸಿದರೆ ಕೂದಲಿನ ಏರಿಳಿತ ಕೆಡುತ್ತದೆ.

5. ಪಟ್ಟಿಯನ್ನು ಬೆರಳಿಗೆ ಸುತ್ತಿ ಒಂದೆರಡು ಕ್ಷಣ ಹಿಡಿದರೆ ಬಿಗಿತ ಕಡಿಮೆಯಾಗುತ್ತದೆ.

6. ದಾರದ ಉದ್ದಕ್ಕೂ ತೆಳುವಾದ ಗೆರೆಯಂತೆ ಅಂಟು ಹಚ್ಚಿ, ಸುಮಾರು ಅರ್ಧ ನಿಮಿಷ ಕಾಯಬೇಕು. ಹಸಿಯಾದ ಅಂಟು ಜಾರಿ ಕಣ್ಣಿಗೆ ಸೇರಬಹುದು. ತುಸು ಆರಿದ ಅಂಟು ತಕ್ಷಣ ಹಿಡಿಯುತ್ತದೆ. ಹೊಸಬರು ಸಾಮಾನ್ಯವಾಗಿ ತಪ್ಪುವುದು ಈ ಹಂತದಲ್ಲಿಯೇ.

7. ಕೆಳಗಿರುವ ಕನ್ನಡಿಯನ್ನು ನೋಡುತ್ತ, ಸಹಜ ಕೂದಲಿನ ಬುಡಕ್ಕೆ ತೀರ ಸಮೀಪದಲ್ಲಿ, ಚರ್ಮದ ಮೇಲೆ, ಮೊದಲು ಪಟ್ಟಿಯ ನಡುಭಾಗವನ್ನು, ಬಳಿಕ ಹೊರತುದಿಯನ್ನು, ಕೊನೆಗೆ ಒಳತುದಿಯನ್ನು ಕೂರಿಸಬೇಕು. ರೆಪ್ಪೆಯ ಒಳ ಅಂಚಿಗೆ ಅಂಟು ತಾಗಬಾರದು.

8. ಅಂಟು ಆರಿದ ಮೇಲೆ ಸಹಜ ಮತ್ತು ಕೃತಕ ಕೂದಲುಗಳನ್ನು ಬೆರಳಿನಿಂದ ಮೃದುವಾಗಿ ಕೂಡಿಸಿ, ದಾರ ಕಾಣುವಲ್ಲಿ ಐಲೈನರಿನಿಂದ ಗೆರೆ ಎಳೆಯಬೇಕು.

ತೆಗೆಯುವ ಕ್ರಮ

ಕೂದಲು ಉದುರುವುದು ಹೆಚ್ಚಾಗಿ ಅಂಟಿಸುವಾಗಲ್ಲ, ಅವಸರದಿಂದ ಕಿತ್ತು ತೆಗೆಯುವಾಗ. ಮೊದಲು ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ತೆಗೆಯಬೇಕು. ಬಳಿಕ ಅಂಟು ಕರಗಿಸುವ ದ್ರವದಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರೆ ನಿಮಿಷ ಒತ್ತಿ ಹಿಡಿದು, ಹೊರತುದಿಯಿಂದ ಒಳಕ್ಕೆ ನಿಧಾನವಾಗಿ ಬಿಡಿಸಬೇಕು. ಬಿಡಿಸಿಕೊಳ್ಳದಿದ್ದರೆ ಮತ್ತೆ ನೆನೆಸಬೇಕೇ ಹೊರತು ಎಳೆಯಬಾರದು. ಪಟ್ಟಿಯ ಮೇಲೆ ಉಳಿದ ಅಂಟನ್ನು ತೆಗೆದು, ಒಣಗಿಸಿ, ಅದರ ಬಾಗಿದ ತಟ್ಟೆಯಲ್ಲಿಯೇ ಇರಿಸಬೇಕು.

ಸುರಕ್ಷತೆ

ಕೃತಕ ರೆಪ್ಪೆಗೂದಲಿನಿಂದ ಅಂಟಿನ ಅಲರ್ಜಿ, ರೆಪ್ಪೆಯ ಅಂಚಿನ ಉರಿಯೂತ, ಕಣ್ಣು ಕೆಂಪಾಗುವ ಸೋಂಕು ಮತ್ತು ನಿರಂತರ ಎಳೆತದಿಂದ ಕೂದಲು ಉದುರುವಿಕೆ ಉಂಟಾಗಬಹುದು. ಪಟ್ಟಿಯನ್ನು ಧರಿಸಿ ಮಲಗಬಾರದು. ಪಟ್ಟಿ, ಮಸ್ಕಾರಾ, ಕಾಡಿಗೆ ಮತ್ತು ಕುಂಚಗಳನ್ನು ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳಬಾರದು. ಶಾಲಾ ವಾರ್ಷಿಕೋತ್ಸವಗಳಲ್ಲಿ ಒಂದೇ ಕಾಡಿಗೆ ಡಬ್ಬಿಯಿಂದ ಹತ್ತಾರು ಮಕ್ಕಳಿಗೆ ಹಚ್ಚಿದರೆ ಒಬ್ಬರ ಸೋಂಕು ಹಲವರಿಗೆ ಹರಡಬಹುದು. ತೆರೆದ ಮಸ್ಕಾರಾವನ್ನು ಮೂರು ತಿಂಗಳಾದ ಮೇಲೆ ಬದಲಾಯಿಸಬೇಕೆಂಬುದು ನೇತ್ರತಜ್ಞರ ಸಾಮಾನ್ಯ ಸಲಹೆ.

ಅಂಟು ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಹಲವು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡರೆ ಬಲವಂತವಾಗಿ ಬಿಡಿಸಬಾರದು. ನೋವು, ಊತ, ದೃಷ್ಟಿ ಮಸುಕಾಗುವುದು ಅಥವಾ ಬೆಳಕನ್ನು ನೋಡಲಾಗದಿರುವುದು ಕಂಡುಬಂದರೆ ವಿಳಂಬ ಮಾಡಬಾರದು.

ಕಾಯಿಲೆಯ ಸಂದರ್ಭದಲ್ಲಿ ಬಳಕೆ

ಕ್ಯಾನ್ಸರಿನ ಕೀಮೊಥೆರಪಿಯಿಂದ ಅಥವಾ ಅಲೊಪೀಶಿಯಾ ಏರಿಯೇಟಾ ಎಂಬ ಕಾಯಿಲೆಯಿಂದ ರೆಪ್ಪೆಗೂದಲು ಉದುರಬಹುದು. ಕನ್ನಡಿಯಲ್ಲಿ ತನ್ನ ಮುಖವೇ ಅಪರಿಚಿತವಾಗಿ ಕಾಣುವ ಇಂಥ ದಿನಗಳಲ್ಲಿ ಕೃತಕ ರೆಪ್ಪೆಗೂದಲು ಬರಿಯ ಸಿಂಗಾರವಲ್ಲ, ಆತ್ಮವಿಶ್ವಾಸಕ್ಕೆ ಆಸರೆಯೂ ಆಗುತ್ತದೆ. ಆದರೆ ಚಿಕಿತ್ಸೆಯ ಕಾಲದಲ್ಲಿ ರೋಗನಿರೋಧಕ ಶಕ್ತಿ ತಗ್ಗಿ ಚರ್ಮವೂ ಸೂಕ್ಷ್ಮವಾಗಿರುವುದರಿಂದ, ವೈದ್ಯರನ್ನು ಕೇಳಿಯೇ ಬಳಸಬೇಕು. ಆಧಾರಕ್ಕೆ ಸಹಜ ಕೂದಲಿಲ್ಲದಿರುವಾಗ ಹಗುರವಾದ ಪಟ್ಟಿ ಉತ್ತಮ. ಅಂಟು ಒಗ್ಗದವರು ಮೆದುವಾದ ಪೆನ್ಸಿಲಿನಿಂದ ರೆಪ್ಪೆಯ ಅಂಚಿನಲ್ಲಿ ಚುಕ್ಕಿಗಳನ್ನಿಟ್ಟು ಕೂದಲಿನ ಭ್ರಮೆಯನ್ನು ತರಬಹುದು. ಕೂದಲಿನ ಬೆಳವಣಿಗೆಗೆ ಬಿಮಾಟೊಪ್ರೊಸ್ಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ವೈದ್ಯರ ಸಲಹೆಯಿಲ್ಲದೆ ಅದನ್ನು ಬಳಸಬಾರದು.

ರಂಗಕಲೆಗಳಲ್ಲಿ

ದೂರದಲ್ಲಿ ಕುಳಿತ ಪ್ರೇಕ್ಷಕರಿಗೂ ಕಣ್ಣಿನ ಚಲನೆ ಕಾಣಬೇಕೆಂಬುದು ರಂಗಪ್ರಸಾಧನದ ಮೂಲ ಉದ್ದೇಶ. ಭರತನಾಟ್ಯ ಮೊದಲಾದ ನೃತ್ಯಗಳಲ್ಲಿ ಇಂದು ಕೃತಕ ರೆಪ್ಪೆಗೂದಲಿನ ಬಳಕೆ ಸಾಮಾನ್ಯ. ಯಕ್ಷಗಾನದ ಸಾಂಪ್ರದಾಯಿಕ ಮುಖವರ್ಣಿಕೆಯಾದರೋ ಇದೇ ಉದ್ದೇಶವನ್ನು ಕಾಡಿಗೆಯ ದಪ್ಪ ರೇಖೆಗಳಿಂದಲೂ, ತೆಂಕುತಿಟ್ಟಿನ ಬಣ್ಣದ ವೇಷಗಳಲ್ಲಿ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಇಡುವ ಚುಟ್ಟಿಯಿಂದಲೂ ಸಾಧಿಸುತ್ತದೆ. ವೇಷ ಕಳಚಿದ ಮೇಲೆ ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ನೆನೆಸಿ ನಿಧಾನವಾಗಿ ಒರಸಿ ತೆಗೆಯುವ ಕಲಾವಿದರ ರೂಢಿ, ಕೃತಕ ರೆಪ್ಪೆಗೂದಲಿನ ಬಳಕೆದಾರರಿಗೂ ಅನುಕರಣೀಯ.

ಇವನ್ನೂ ನೋಡಿ

ಕಣ್ಣು
ಕಾಡಿಗೆ
ಮಸ್ಕಾರಾ
ಪ್ರಸಾಧನ ಸಾಮಗ್ರಿ
ಯಕ್ಷಗಾನ