ಹಿಮರಾತ್ರಿಯ ಪತಂಗಬೇಟೆ

ದೀಪಕ್ಕೆ ಮುತ್ತುವ ಹುಳು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮುಂಗಾರಿನ ಮೊದಲ ಮಳೆ. ಚಳಿಗೂ ಪತಂಗಕ್ಕೂ ಆಗಿಬಾರದು ಎಂದೇ ನಾವು ತಿಳಿದಿರುತ್ತೇವೆ. ಆದರೆ ಇಂಗ್ಲೆಂಡಿನಲ್ಲಿ, ಮರಗಳು ಎಲೆಯುದುರಿಸಿ ಬೋಳಾಗಿ ನಿಲ್ಲುವ ನವೆಂಬರ್, ಡಿಸೆಂಬರ್ ತಿಂಗಳುಗಳನ್ನೇ ಆರಿಸಿಕೊಂಡು ನೆಲದಿಂದ ಹೊರಬೀಳುವ ಪತಂಗವೊಂದುಂಟು. ಅಲ್ಲಿಯ ಜನ ಅದನ್ನು ಕರೆಯುವುದೇ ‘ಚಳಿಗಾಲದ ಪತಂಗ’ ಎಂದು. ಹಿತ್ತಿಲಲ್ಲಿ ಲಾಂದ್ರ ಹಿಡಿದು ಅದನ್ನು ಹುಡುಕಿದವರ ಕಥೆಯೊಳಗೆ ಸೇಬಿನ ಬೆಳೆಯೂ ಸೇರಿದೆ, ಹಕ್ಕಿಮರಿಗಳ ಹೊಟ್ಟೆಪಾಡೂ ಸೇರಿದೆ.

ಪತಂಗ ಹಿಡಿಯುವ ಹುಚ್ಚು ಅಲ್ಲಿ ಬಹಳ ಹಳೆಯದು. 18ನೆಯ ಶತಮಾನದಲ್ಲಿ ಲಂಡನ್ನಿನ ಚಿಟ್ಟೆಪ್ರಿಯರು ‘ಆರೇಲಿಯನ್’ ಎಂಬ ಹೆಸರಿನ ಸಂಘ ಕಟ್ಟಿಕೊಂಡು ಕಾರ್ನ್‌ಹಿಲ್‌ನ ಪಾನಗೃಹವೊಂದರಲ್ಲಿ ಸಭೆ ಸೇರುತ್ತಿದ್ದರು. 1748ರಲ್ಲಿ ಆ ಭಾಗಕ್ಕೆ ಬೆಂಕಿ ಬಿದ್ದಾಗ ಅವರ ಸಂಗ್ರಹವೂ ಪುಸ್ತಕಗಳೂ ಸುಟ್ಟು ಬೂದಿಯಾದುವು. ಸಭೆಯಲ್ಲಿ ಕುಳಿತಿದ್ದವರು ಟೋಪಿ, ಕೈಕೋಲುಗಳನ್ನೂ ಬಿಟ್ಟು ಓಡಬೇಕಾಯಿತು. ಮೋಸೆಸ್ ಹ್ಯಾರಿಸ್ ಎಂಬ ಚಿತ್ರಕಾರ 1766ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿಯನ್ನು ದಾಖಲಿಸಿದ್ದಾನೆ. ಪತಂಗಗಳು ಬೆಂಕಿಗೆ ಬೀಳುವುದು ಕೇಳಿದ ಮಾತು. ಪತಂಗ ಕೂಡಿಟ್ಟವರ ಆಸ್ತಿಯೇ ಬೆಂಕಿಯ ಪಾಲಾದ ಈ ಪ್ರಸಂಗ ನಮ್ಮ ಹಳೆಯ ಕವಿಗಳ ಕಿವಿಗೆ ಬಿದ್ದಿದ್ದರೆ ಬಿಡುತ್ತಿದ್ದರೆ!

ಮುಂದಿನ ಶತಮಾನದಲ್ಲಿ ಒಂದು ಹೊಸ ಉಪಾಯ ಬಳಕೆಗೆ ಬಂತು. ಎಪ್ಪಿಂಗ್ ಎಂಬ ಊರಿನಲ್ಲಿ ಹೆನ್ರಿ ಡಬಲ್‌ಡೇ ಎಂಬ ದಿನಸಿ ವ್ಯಾಪಾರಿಯಿದ್ದ. ಸಕ್ಕರೆಯ ಖಾಲಿ ಪೀಪಾಯಿಗಳಿಗೆ ರಾತ್ರಿ ಪತಂಗಗಳು ಮುತ್ತುವುದು ಅಂಗಡಿಯವನ ಕಣ್ಣಿಗೆ ಬಿದ್ದು ಈ ಉಪಾಯ ಹುಟ್ಟಿತೆಂದು ಹೇಳುತ್ತಾರೆ; 1840ರ ದಶಕದಲ್ಲಿ ಅದನ್ನು ಪ್ರಚಾರಕ್ಕೆ ತಂದವರಲ್ಲಿ ಅವನು ಪ್ರಮುಖ. ಕಾಕಂಬಿ, ಸಕ್ಕರೆ, ಬಿಯರ್ ಸೇರಿಸಿ ಕುದಿಸಿ, ಮೇಲೆ ಒಂದಿಷ್ಟು ರಂ ಬೆರೆಸಿ, ಸಂಜೆ ಮರದ ಬೊಡ್ಡೆಗೆ ಬಳಿಯುವುದು. ಕತ್ತಲಾದ ಮೇಲೆ ದೀಪ ತಂದು ನೋಡುವುದು. ಚಳಿಗಾಲದ ನಡುವೆ ಕೊಂಚ ಬೆಚ್ಚಗಿರುವ ರಾತ್ರಿಗಳಲ್ಲಿಯೂ ಕೆಲವು ದಪ್ಪ ಮೈಯ ಪತಂಗಗಳು ಈ ಔತಣಕ್ಕೆ ಬಂದೇ ಬರುತ್ತವೆ. ಇಂಥವು ಹಾರುವ ಮೊದಲು ಗಡಗಡನೆ ನಡುಗಿ, ಎದೆಯ ಸ್ನಾಯುಗಳನ್ನು ಸುಮಾರು 30 ಡಿಗ್ರಿಯವರೆಗೆ ಕಾಯಿಸಿಕೊಳ್ಳುತ್ತವೆಂದು ಅಮೆರಿಕದ ಬರ್ಂಡ್ ಹೈನ್ರಿಶ್ 1980ರ ದಶಕದಲ್ಲಿ ತೋರಿಸಿಕೊಟ್ಟರು.

ಚಳಿಗಾಲದ ಪತಂಗ ಮಾತ್ರ ಈ ಆಸೆಗೆ ಬೀಳುವುದಿಲ್ಲ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಹಗುರ ಮೈ, ಮೈಗೆ ಮೀರಿದ ಅಗಲ ರೆಕ್ಕೆ; ಆದುದರಿಂದ ಗಂಡು ಕೊರೆಯುವ ಚಳಿಯಲ್ಲಿಯೂ ಮೆಲ್ಲಗೆ ಹಾರಬಲ್ಲುದು. ಹೆಣ್ಣಿಗೆ ಇರುವುದು ರೆಕ್ಕೆಯ ಮೋಟು ಮಾತ್ರ. ಅದು ಮಣ್ಣಿನಿಂದೆದ್ದು ಬೊಡ್ಡೆ ಹಿಡಿದು ನಡೆದೇ ಮೇಲೇರಬೇಕು, ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡಬೇಕು. ವಸಂತದಲ್ಲಿ ಹುಟ್ಟುವ ಹಸಿರು ಕಂಬಳಿಹುಳುಗಳು ಸೇಬಿನ ಮೊಗ್ಗುಗಳನ್ನೇ ತಿಂದು ತೋಟಗಾರನ ವರ್ಷದ ದುಡಿಮೆಯನ್ನು ಮಣ್ಣುಪಾಲು ಮಾಡುತ್ತವೆ. ತೋಟಗಾರರು ಕಂಡುಕೊಂಡ ಮದ್ದು ಸರಳವಾದುದು: ಅಕ್ಟೋಬರಿನಲ್ಲೇ ಬೊಡ್ಡೆಯ ಸುತ್ತ ಅಂಟುಜಿಡ್ಡಿನ ಪಟ್ಟಿ ಕಟ್ಟಿಬಿಟ್ಟರೆ ಏರಿ ಬರುವ ಹೆಣ್ಣು ಅದಕ್ಕೆ ಅಂಟಿಕೊಳ್ಳುತ್ತದೆ.

ಹೆಣ್ಣಿನ ಈ ಕಾಲ್ನಡಿಗೆಯೇ ವಿಜ್ಞಾನಕ್ಕೂ ಒದಗಿ ಬಂತು. ಆಕ್ಸ್‌ಫರ್ಡ್ ಸಮೀಪದ ವೈಥಮ್ ಕಾಡಿನಲ್ಲಿ ವಾರ್ಲಿ ಮತ್ತು ಗ್ರ್ಯಾಡ್‌ವೆಲ್ ಎಂಬಿಬ್ಬರು ಐದು ಓಕ್ ಮರಗಳನ್ನು ಆರಿಸಿಕೊಂಡು, ಬೊಡ್ಡೆಗೆ ಬೋನು ಕಟ್ಟಿ ಏರುವ ಹೆಣ್ಣುಗಳನ್ನು ಎಣಿಸಿದರು. ಕೆಳಗೆ ತಟ್ಟೆಗಳನ್ನಿಟ್ಟು, ಕೋಶ ಕಟ್ಟಲು ಮಣ್ಣಿಗಿಳಿಯುವ ಹುಳುಗಳನ್ನೂ ಎಣಿಸಿದರು. 1950ರಿಂದ 1968ರವರೆಗೆ ಈ ಲೆಕ್ಕ ನಡೆಯಿತು. ಇಬ್ಬರು ವಿದ್ವಾಂಸರು ಹದಿನೆಂಟು ವರ್ಷ ಐದೇ ಮರಗಳ ಕೆಳಗೆ ಹುಳು ಎಣಿಸಿದರೆಂದರೆ ನಗುವವರು ನಗಬಹುದು. ಆದರೆ ವರ್ಷದಿಂದ ವರ್ಷಕ್ಕೆ ಪತಂಗದ ಸಂಖ್ಯೆ ಏರಿಳಿಯುವುದಕ್ಕೆ ಮುಖ್ಯ ಕಾರಣವೇನೆಂದು ತಿಳಿದುದು ಆ ಎಣಿಕೆಯಿಂದ. ಮೊಟ್ಟೆಯೊಡೆದ ದಿನ ಓಕ್ ಚಿಗುರೊಡೆದಿರಬೇಕು. ಚಿಗುರು ತಡವಾದರೆ ಮರಿಗಳು ಉಪವಾಸ ಸಾಯುತ್ತವೆ. ಆ ಮರಿಗಳನ್ನೇ ನಂಬಿ ಗೂಡು ಕಟ್ಟುವ ಟಿಟ್ ಹಕ್ಕಿಗಳಿಗೂ ಆಗ ಕಷ್ಟಕಾಲ.

ಇದರ ಜೊತೆಜೊತೆಗೇ ದೀಪದ ಬೋನಿನ ಇತಿಹಾಸವೂ ಬೆಳೆಯಿತು. ರಾಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಿ. ಬಿ. ವಿಲಿಯಮ್ಸ್ 1933ರಲ್ಲಿ ಒಂದು ವಿದ್ಯುದ್ದೀಪದ ಬೋನನ್ನಿಟ್ಟರು. 1950ರಲ್ಲಿ ರಾಬಿನ್‌ಸನ್ ಸೋದರರು ಪಾದರಸದ ಆವಿಯ ದೀಪದಡಿ ಆಲಿಕೆಯಿಟ್ಟು ಬೋನೊಂದನ್ನು ರೂಪಿಸಿದರು. ಹವ್ಯಾಸಿಗಳ ಹಿತ್ತಿಲುಗಳಿಗೆ ಅದು ಬಲುಬೇಗ ಹರಡಿತು. ಒಳಗೆ ಕೋಳಿಮೊಟ್ಟೆಯ ರಟ್ಟಿನ ತಟ್ಟೆಗಳನ್ನಿಟ್ಟರೆ ಪತಂಗಗಳು ಅದರ ಗುಳಿಗಳಲ್ಲಿ ಕುಳಿತಿರುತ್ತವೆ; ಬೆಳಿಗ್ಗೆ ಹೆಸರು ಬರೆದುಕೊಂಡು ಬಿಟ್ಟುಬಿಡುತ್ತಾರೆ. ಕೊಂದು ಸೂಜಿ ಚುಚ್ಚುತ್ತಿದ್ದ ಹಿಂದಿನವರ ಪದ್ಧತಿಗಿಂತ ಇದು ಎಷ್ಟೋ ಮೇಲು.

ಎಣಿಕೆ ಹೇಳುವ ಸುದ್ದಿ ಮಾತ್ರ ಒಳ್ಳೆಯದಲ್ಲ. ರಾಥಮ್‌ಸ್ಟೆಡ್ ಮಾದರಿಯ ಬೋನುಗಳು ಬ್ರಿಟನ್ನಿನ ಉದ್ದಗಲಕ್ಕೂ ಹರಡಿದ ಮೇಲೆ, 1968ರಿಂದ 2017ರವರೆಗಿನ ಐವತ್ತು ವರ್ಷಗಳಲ್ಲಿ ಅವುಗಳಲ್ಲಿ ಬಿದ್ದ ದೊಡ್ಡ ಪತಂಗಗಳ ಸಂಖ್ಯೆ ನೂರಕ್ಕೆ 33ರಷ್ಟು ಇಳಿಯಿತು; ದಕ್ಷಿಣ ಭಾಗದಲ್ಲಿ 39ರಷ್ಟು. ಚಳಿಗಾಲದ ಪತಂಗದ ಹಳೆಯ ಲೆಕ್ಕವೂ ತಪ್ಪತೊಡಗಿತು. ವಸಂತ ಬೆಚ್ಚಗಾಗುತ್ತ ಬಂದಂತೆ ಮೊಟ್ಟೆಗಳು ಓಕ್ ಚಿಗುರಿಗಿಂತ ಮುಂಚೆಯೇ ಒಡೆಯುತ್ತಿವೆಯೆಂದು ನೆದರ್ಲೆಂಡ್ಸಿನ ಸಂಶೋಧಕರು 2001ರಲ್ಲಿ ತೋರಿಸಿದರು. ಅವಸರಪಟ್ಟ ಮರಿಗಳು ಸತ್ತು, ತಾಳಿದವುಗಳ ಸಂತಾನವೇ ಉಳಿದು, ಕೆಲವೇ ವರ್ಷಗಳಲ್ಲಿ ಮೊಟ್ಟೆಯೊಡೆಯುವ ಕಾಲವೇ ಹಿಂದೆ ಸರಿಯಿತೆಂದು 2013ರಲ್ಲಿ ಅದೇ ದೇಶದಿಂದ ವರದಿ ಬಂತು. ಇಂಗ್ಲೆಂಡಿನ ಹಿತ್ತಿಲುಗಳಲ್ಲಿ ಇಂದಿಗೂ ಜನವರಿಯ ಚಳಿಯಲ್ಲಿ ದೀಪ ಹಚ್ಚಿಡುವವರಿದ್ದಾರೆ. ಒಂದು ಪತಂಗವೂ ಬೀಳದ ರಾತ್ರಿ ಅವರು ಪುಸ್ತಕದಲ್ಲಿ ತಾರೀಖು ಹಾಕಿ ‘ಸೊನ್ನೆ’ ಎಂದು ಬರೆದಿಡುತ್ತಾರೆ.