ಹೊನ್ನು, ನೀರು, ನಾಲ್ಕು ಎಲ್ಲೆ

ಮನೆ ಕೊಳ್ಳುವವರಲ್ಲಿ ಬಹುಮಂದಿ ತಮ್ಮ ಕ್ರಯಪತ್ರವನ್ನು ಓದುವುದಿಲ್ಲ. ಮಗಳ ಲಗ್ನಪತ್ರಿಕೆಯ ಕರಡನ್ನು ಎರಡು ಸಲ ತಿದ್ದುವ ಗೃಹಸ್ಥರೂ, ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಬರೆಸಿಕೊಳ್ಳುವ ಈ ಪತ್ರದಲ್ಲಿ ಮೊಬಲಗು ಸರಿಯೆ, ಹೆಸರಿನ ಕಾಗುಣಿತ ಸರಿಯೆ ಎಂದಷ್ಟೇ ನೋಡಿ, ಉಳಿದದ್ದನ್ನು ಪತ್ರಬರಹಗಾರನ ಪಾಲಿಗೆ ಬಿಟ್ಟುಬಿಡುತ್ತಾರೆ. ಉಳಿದದ್ದು ಸಂಸ್ಕೃತ, ಪಾರಸಿ, ಕಚೇರಿಗನ್ನಡಗಳ ಕಲಸುಮೇಲೋಗರ. ಅದನ್ನು ಓದುವ ತಾಳ್ಮೆ ಯಾರಿಗಿದೆ? ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಮಾತ್ರ ಆ ಕಲಸುಮೇಲೋಗರದಲ್ಲಿಯೇ ರುಚಿ.

ಯಲಹಂಕದಲ್ಲಿಯೋ ಯಶವಂತಪುರದಲ್ಲಿಯೋ ಕನ್ನಡದಲ್ಲಿ ಬರೆದ ಹಳೆಯ ಕ್ರಯಪತ್ರವೊಂದನ್ನು ತೆಗೆದು ನೋಡಿರಿ. 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ಸ್ವಾಮ್ಯ ಸಹಿತವಾಗಿ' ಎಂಬ ಒಂದು ಸಾಲು ಅಲ್ಲಿ ಇದ್ದೇ ಇರುತ್ತದೆ. ವಿಜಯನಗರದ ಅರಸರ ದಾನಶಾಸನಗಳಲ್ಲಿ ಕಲ್ಲಿನ ಮೇಲೂ ತಾಮ್ರದ ಮೇಲೂ ಕೊರೆದದ್ದು ಇದೇ ಸಾಲು. ಹೂತಿಟ್ಟ ಹಣ, ಇಟ್ಟು ಮರೆತ ಒಡವೆ, ನೀರು, ಕಲ್ಲು, ಸವೆಯದೆ ಉಳಿಯುವ ಹಕ್ಕು, ಮುಂದೆ ಬರಬಹುದಾದ ಲಾಭ, ಈಗಾಗಲೇ ಕೈಗೂಡಿದ್ದು, ಇನ್ನು ಸಾಧಿಸಿಕೊಳ್ಳಬಹುದಾದದ್ದು—ಎಂಟೂ ಕೊಂಡವನಿಗೆ ಸೇರಿದವು. ಮೂವತ್ತು-ನಲವತ್ತರ ಸೈಟಿಗೆ ಇಷ್ಟೊಂದು ಐಶ್ವರ್ಯವೇ ಎಂದು ನಗಬೇಡಿ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕು. ಬೋರ್‌ವೆಲ್ಲಿಗೆ 2011ರ ಅಂತರ್ಜಲ ಕಾಯಿದೆಯ ಕಟ್ಟುಪಾಡು ಉಂಟು. ಎಂಟರಲ್ಲಿ ಎರಡು ಮೂರು ಹೀಗೆ ಆಗಲೇ ಸೋರಿಹೋಗಿವೆ. ಪತ್ರ ಮಾತ್ರ ಎಂಟನ್ನೂ ಕೊಡುತ್ತಲೇ ಇದೆ.

ಆದರೆ ಕೊಳ್ಳುವವನಿಗೆ ಇದಕ್ಕಿಂತ ಉಪಯೋಗವಾದ ಮಾತೊಂದು ಇನ್ನೂ ಹಳೆಯ ಕಡೆಯಿಂದ ಬರುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126), ಇಂದಿನ ಬಸವಕಲ್ಯಾಣದಲ್ಲಿ ಕುಳಿತು, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಬಂಗಾಳದ ಕಡೆಯನ್ನು ಬಿಟ್ಟು ಇಂಡಿಯಾದ ಉಳಿದ ಕೋರ್ಟುಗಳು ಬಹುಮಟ್ಟಿಗೆ ಅದನ್ನು ಆಧಾರವಾಗಿ ಹಿಡಿದವು. ಭೂಮಿಯು ಆರರಿಂದ ಕೈಬದಲಾಗುತ್ತದೆ ಎಂಬ ಹಿರಿಯರ ಮಾತೊಂದನ್ನು ವಿಜ್ಞಾನೇಶ್ವರನು ಎತ್ತಿಕೊಂಡು ಚರ್ಚಿಸುತ್ತಾನೆ. ಊರಿನವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ನೆರೆಹೊಲದವರ ಒಪ್ಪಿಗೆ, ಹಕ್ಕುದಾರರ ಒಪ್ಪಿಗೆ, ಹೊನ್ನು, ನೀರು—ಇವೇ ಆ ಆರು. ಅವನ ಹೆಚ್ಚಳವಿರುವುದು ಈ ಪಟ್ಟಿಯಲ್ಲಲ್ಲ, ಒಂದೊಂದೂ ಏತಕ್ಕೆ ಬೇಕೆಂದು ಕೇಳಿ ಉತ್ತರ ಹೇಳಿದುದರಲ್ಲಿ. ಊರು ಒಪ್ಪದಿದ್ದರೆ ಮಾರಾಟವೇ ಸಲ್ಲದೆಂದಲ್ಲ. ವ್ಯವಹಾರ ನಾಲ್ಕು ಜನಕ್ಕೆ ತಿಳಿಯಲೆಂದು ಅದು ಬೇಕು. ನೆರೆಯವರ ಒಪ್ಪಿಗೆ ಎಲ್ಲೆಯ ಜಗಳವನ್ನು ತಪ್ಪಿಸಲು. ಜ್ಞಾತಿಗಳದು, ಪಾಲಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳದಿರಲು. ಇಂದಿನ ವಕೀಲರಿಗೆ ಶುಲ್ಕ ಕೊಟ್ಟರೂ ಇಷ್ಟು ಅಚ್ಚುಕಟ್ಟಾಗಿ ಹೇಳಿಸುವುದು ಕಷ್ಟ.

ಈಗ ನಮ್ಮ ಬಡಗಣ ಬೆಂಗಳೂರಿಗೆ ಬರೋಣ. ಇಲ್ಲಿನ ತೊಡಕೆಂದರೆ, ಒಪ್ಪಿಗೆ ಕೊಡಬೇಕಾದ ಊರೇ ಮಾಯವಾಗಿರುವುದು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗೆಂದು ಅಗೆಯುವಾಗ ವೀರಗಲ್ಲೊಂದು ಹೊರಬಿತ್ತು. ಗಂಗರ ಶ್ರೀಪುರುಷನ ಕಾಲದ್ದು. ಸುಮಾರು 750ರದು ಎಂದು ವಿದ್ವಾಂಸರು ಎಣಿಸಿದ್ದಾರೆ. ಪೆರ್ಬೊಳಲ್ನಾಡು ಮೂವತ್ತು ಎಂಬ ಸೀಮೆಯ ಹೆಸರೂ, ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಹೆಸರೂ ಅದರಲ್ಲಿವೆ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ಮೂವತ್ತು ಹಳ್ಳಿಗಳ ನಾಡಿಗೆ ತಲೆಯೂರಾಗಿದ್ದುದು ಇಂದು ಒಂದು ಮೇಲ್ಸೇತುವೆಯ ಹೆಸರಾಗಿ ಹೆಚ್ಚು ಪರಿಚಿತ. ಯಶವಂತಪುರದ ಮಗ್ಗುಲಲ್ಲಿ ಮೇದರನಿಂಗನಹಳ್ಳಿ ಎಂಬ ಊರಿತ್ತು. 1669ರಲ್ಲಿ ಮರಾಠರ ಏಕೋಜಿಯು ಅದನ್ನು ಮಲ್ಲಪುರದ, ಎಂದರೆ ಇಂದಿನ ಮಲ್ಲೇಶ್ವರದ, ಮಲ್ಲಿಕಾರ್ಜುನ ದೇವರಿಗೆ ಬಿಟ್ಟುಕೊಟ್ಟನು. ಈಗಿನ ಟಾಟಾ ಇನ್‌ಸ್ಟಿಟ್ಯೂಟಿನ ಕಡೆಗೆ ಆ ಊರು ಇತ್ತೆಂದು ಹೇಳುತ್ತಾರೆ. ಆ ಸಂಸ್ಥೆಗೆ ಮೈಸೂರಿನ ಅರಸರು 371 ಎಕರೆ ಕೊಟ್ಟರು; ಹಳ್ಳಿಯ ಹೆಸರು ಶಾಸನದಲ್ಲಿ ಉಳಿಯಿತು.

ಊರಿನ ಕೆಲಸವನ್ನು ಈಗ ಮಾಡುವುದು ಕಾಗದ. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ 1908ರ ನೋಂದಣಿ ಕಾಯಿದೆಯೂ ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟವನ್ನು ಸಬ್‌ರಿಜಿಸ್ಟ್ರಾರರ ಮುಂದೆಯೇ ಮಾಡಬೇಕೆಂದು ವಿಧಿಸಿದವು. ನಾಲ್ಕು ಜನಕ್ಕೆ ತಿಳಿಯಲೆಂಬ ವಿಜ್ಞಾನೇಶ್ವರನ ಕಾರಣವೇ ಇದರದೂ. ಋಣಭಾರ ಪತ್ರ, ನಮ್ಮ ಜನ ಇ.ಸಿ. ಎನ್ನುವುದು, ಊರಿನ ನೆನಪಿಗೆ ಬದಲಾಗಿ ಬಂದದ್ದು. ಆದರೆ ಊರಿಗೆ ತಿಳಿದಿದ್ದುದೆಲ್ಲ ಇ.ಸಿ.ಗೆ ತಿಳಿಯದು. ನೋಂದಣಿಯಾದದ್ದನ್ನು ಮಾತ್ರ ಅದು ಹೇಳುತ್ತದೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ಇನ್ನೊಬ್ಬನಿಂದ ಆಗಲೇ ಮುಂಗಡ ತೆಗೆದುಕೊಂಡ ಅಗ್ರಿಮೆಂಟು—ಇವು ಅದರಲ್ಲಿ ಕಾಣಿಸುವುದಿಲ್ಲ. ಆದ್ದರಿಂದಲೇ ಬಲ್ಲ ವಕೀಲರು ಕೊಳ್ಳುವ ಮೊದಲು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುತ್ತಾರೆ. ಒಳಪುಟದ ಮೂಲೆಯಲ್ಲಿ ನೀವು ಓದದೆ ಬಿಡುವ ಆ ಸಣ್ಣಕ್ಷರದ ಪೆಟ್ಟಿಗೆ ಹಿಂದಿನ ಕಾಲದ ಡಂಗುರವೇ ಸರಿ.

ಜ್ಞಾತಿಗಳ ಮತ್ತು ಹಕ್ಕುದಾರರ ಸಂಗತಿ ಇದಕ್ಕಿಂತ ಸೂಕ್ಷ್ಮ. ಹೆಬ್ಬಾಳದಿಂದ ಯಲಹಂಕದವರೆಗೆ ಲೇಔಟುಗಳೆಲ್ಲ ಹಿಂದೆ ರಾಗಿಯ ಹೊಲ, ತೋಟ, ದ್ರಾಕ್ಷಿ ಚಪ್ಪರಗಳಾಗಿದ್ದವು. ಅವುಗಳ ಹಿಂದೆಲ್ಲ ಒಂದೊಂದು ಕೂಡುಕುಟುಂಬವಿತ್ತು. ಗಂಡುಮಕ್ಕಳು ರುಜು ಹಾಕಿದರೆ ಮುಗಿಯಿತೆಂಬ ಕಾಲ ಹೋಯಿತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ತಿದ್ದಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಬರುವಂತೆ ಮಾಡಿದವು. 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಹಿಂದೆ ಸಕ್ರಮವಾಗಿ ಮುಗಿದ ಮಾರಾಟಗಳನ್ನು ಕೇಂದ್ರದ ತಿದ್ದುಪಡಿ ಕೆದಕುವುದಿಲ್ಲ. ಆಮೇಲಿನದಕ್ಕೆ ಆ ರಕ್ಷಣೆಯಿಲ್ಲ. ಆದ್ದರಿಂದ ಮಾರುವವನ ಕುಟುಂಬದ ವಂಶವೃಕ್ಷವನ್ನು ಕೇಳಿ ತೆಗೆದುಕೊಳ್ಳಿ. ಹೊಸಕೋಟೆಗೆ ಮದುವೆಯಾಗಿ ಹೋದ ಅಕ್ಕನ ಹೆಸರು ಅದರಲ್ಲಿ ಇದೆಯೆ, ಅವಳ ರುಜು ಪತ್ರದಲ್ಲಿ ಬಿದ್ದಿದೆಯೆ ನೋಡಿರಿ. 'ಅವಳು ಕೇಳೋದಿಲ್ಲ ಬಿಡಿ ಸಾರ್' ಎಂಬ ಭರವಸೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕೇಳುವುದು ಅವಳ ಹಕ್ಕು ಕೂಡ.

ಹಳೆಯ ಶಾಸನಗಳು ಈ ಭಯಕ್ಕೆ ಶಾಪದ ಮದ್ದನ್ನು ಇಟ್ಟುಕೊಂಡಿದ್ದವು. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದು ಬರೆದು ಮುಗಿಸುತ್ತಿದ್ದರು. ಇಂದಿನ ಪತ್ರದಲ್ಲಿ ಆ ಜಾಗಕ್ಕೆ, ಮುಂದೆ ತಂಟೆ ತಕರಾರು ಬಂದರೆ ಮಾರಿದವನೇ ಸ್ವಂತ ಖರ್ಚಿನಿಂದ ಬಗೆಹರಿಸಿಕೊಡತಕ್ಕದ್ದೆಂಬ ವಾಕ್ಯ ಬಂದಿದೆ. ತಕರಾರು ಬರುವ ಹೊತ್ತಿಗೆ ಮಾರಿದವನು ಎಲ್ಲಿರುತ್ತಾನೋ! ಎರಡರಲ್ಲಿ ಹುಳುವಿನ ಶಾಪವೇ ಬಲವಾದದ್ದೆಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಇನ್ನು ಎಲ್ಲೆ. ಶಾಸನ ಬರೆದವರು ಅತ್ಯಂತ ಎಚ್ಚರ ವಹಿಸಿದ್ದು ಇಲ್ಲಿ. ಮೂಡಲಿಗೆ ಹುಣಿಸೆಯ ಮರ, ತೆಂಕಲಿಗೆ ಕೆರೆಯ ಕೋಡಿ, ಪಡುವಲಿಗೆ ಹುತ್ತ, ಬಡಗಲಿಗೆ ನೆಟ್ಟ ಕಲ್ಲು ಎಂದು ನಡೆದು ನೋಡಿ ಬರೆಯುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನದಕ್ಕೆ ಶಂಖಚಕ್ರದ ಕಲ್ಲು, ಬ್ರಾಹ್ಮಣರಿಗೆ ಬಿಟ್ಟದ್ದಕ್ಕೆ ಕೊಡೆ ಹಿಡಿದ ವಾಮನನ ಕಲ್ಲು. ಓದು ಬಾರದವನಿಗೂ ಎಲ್ಲೆ ತಿಳಿಯುತ್ತಿತ್ತು. ನಮ್ಮ ಪತ್ರಗಳ ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ಸೈಟ್ ನಂಬರ್ 14, ಪಶ್ಚಿಮಕ್ಕೆ ಸೈಟ್ ನಂಬರ್ 16, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಖಾಸಗಿ ಸ್ವತ್ತು' ಎಂದಿರುತ್ತದೆ. ಹದಿನಾಲ್ಕು ಹದಿನಾರುಗಳನ್ನು ಗುರುತಿಸಿದ್ದು ಯಾವ ನಕ್ಷೆ, ಅದಕ್ಕೆ ಮಂಜೂರಾತಿ ಕೊಟ್ಟವರು ಯಾರು ಎಂದು ಕೇಳದಿದ್ದರೆ ಇದು ಗಾಳಿಯಲ್ಲಿ ಬರೆದ ಎಲ್ಲೆ.

ಕೆಲವು ವರ್ಷಗಳ ಹಿಂದೆ ನನ್ನ ಸಹೋದ್ಯೋಗಿಯೊಬ್ಬರು ಯಲಹಂಕದ ಆಚೆ ನಿವೇಶನವೊಂದನ್ನು ನೋಡಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕಾಗದಗಳೆಲ್ಲ ಸೊಗಸಾಗಿದ್ದವು. ದಲ್ಲಾಳಿ ವಾಸ್ತುವಿನ ಗುಣಗಾನದಲ್ಲಿದ್ದಾಗ, ಪಕ್ಕದಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು, 'ಮನೆ ಕಟ್ತೀರಾ ಸ್ವಾಮಿ? ಇದು ಕೋಡಿ ನೀರು ಹೋಗೋ ದಾರಿ ಅಲ್ಲವಾ' ಎಂದರು. ಗ್ರಾಮನಕ್ಷೆ ತರಿಸಿ ನೋಡಿದರೆ ಅಲ್ಲಿ ಕಾಲುವೆಯ ಗೆರೆ ಇತ್ತು. ಸಹೋದ್ಯೋಗಿಗಳು ಹಿಂದೆ ಸರಿದರು. 2016ರಲ್ಲಿ ಬೆಂಗಳೂರಿನ ರಾಜಕಾಲುವೆಗಳ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ ನೋಂದಾಯಿತ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತ ಗೃಹಸ್ಥರನ್ನು ನಾವೆಲ್ಲ ನೋಡಿದ್ದೇವೆ. ನೆರೆಯವರ ಒಪ್ಪಿಗೆ ಎಂದರೆ ಆ ಅಜ್ಜಿಯ ಮಾತು. ಅಂಥವರು ಸಿಕ್ಕದ ಕಡೆ ಸರ್ವೆ ಇಲಾಖೆಯ ಗ್ರಾಮನಕ್ಷೆ ಇದೆ. 'ದಿಶಾಂಕ್' ಎಂಬ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರನ್ನೂ ಮಗ್ಗುಲ ಕೆರೆ ಕಾಲುವೆಗಳನ್ನೂ ನೋಡಬಹುದು. ಆದರೂ ಒಂದು ಮಳೆಗಾಲದ ಸಂಜೆ ಆ ಜಾಗಕ್ಕೆ ಹೋಗಿ ನಿಂತು ಬರುವುದಕ್ಕೆ ಸಮನಾದದ್ದಿಲ್ಲ.

ಹೊನ್ನು ಮತ್ತು ನೀರಿನ ಮಾತು ಸ್ವಾರಸ್ಯವಾದದ್ದು. ಭೂಮಿಯನ್ನು ಮಾರಬಾರದು, ದಾನ ಕೊಡಬಹುದು ಎಂದು ಶಾಸ್ತ್ರ. ಮಾರದೆ ಲೋಕ ನಡೆಯದು. ಆದ್ದರಿಂದ ಮಾರಾಟವನ್ನೂ ಕೈಗೆ ಹೊನ್ನಿಟ್ಟು ನೀರೆರೆದು ದಾನದ ರೂಪದಲ್ಲಿ ಮಾಡತಕ್ಕದ್ದೆಂದು ವಿಜ್ಞಾನೇಶ್ವರನು ದಾರಿ ಮಾಡಿಕೊಟ್ಟನು. ಧಾರಾಪೂರ್ವಕ ಎಂಬ ಮಾತು ಇದರದೇ. ನೀರೆರೆದರೆ ಕೊಟ್ಟವನ ಕೈ ತೊಳೆದುಹೋಯಿತು, ಕೊಂಡವನ ಭೋಗ ಆರಂಭವಾಯಿತು. ಭೋಗವಿಲ್ಲದೆ ಬರಿಯ ಪತ್ರವಿದ್ದರೆ ಏನಾದೀತೆಂಬುದಕ್ಕೆ ಬೆಂಗಳೂರಿನ ಇತಿಹಾಸವೇ ಸಾಕ್ಷಿ.

1537ರಲ್ಲಿ ಯಲಹಂಕದ ನಾಡಪ್ರಭು ಕೆಂಪೇಗೌಡನು ತನ್ನ ನೆಲೆಯನ್ನು ತೆಂಕಲಿಗೆ ಬದಲಾಯಿಸಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದನೆಂಬುದು ಎಲ್ಲರೂ ಬಲ್ಲ ಸಂಗತಿ. ಅವನ ವಂಶದವರಿಂದ 1638ರಲ್ಲಿ ವಿಜಾಪುರದವರು ಅದನ್ನು ಕಿತ್ತುಕೊಂಡು ಷಹಜಿಗೆ ಜಹಗೀರಾಗಿ ಕೊಟ್ಟರು. ಅವನ ಮಗ ಏಕೋಜಿ, ಮೇದರನಿಂಗನಹಳ್ಳಿಯನ್ನು ದೇವರಿಗೆ ಬಿಟ್ಟವನು, ತಂಜಾವೂರಿಗೆ ಹೋಗಿ ನೆಲಸಿದನು. ದೂರದ ಆಸ್ತಿ, ನೋಡಿಕೊಳ್ಳುವ ಖರ್ಚು ಹೆಚ್ಚು. ಮಾರಿಬಿಡೋಣವೆಂದು ಮೈಸೂರಿನ ಚಿಕ್ಕದೇವರಾಜ ಒಡೆಯರೊಡನೆ ಮೂರು ಲಕ್ಷ ರೂಪಾಯಿಗೆ ಮಾತು ನಡೆಸಿದನು. ಮಾತು ಮುಗಿಯುವ ಮುನ್ನ, 1687ರ ಜುಲೈಯಲ್ಲಿ, ಮೊಗಲರ ಕಾಸಿಂಖಾನನು ಬಂದು ಊರನ್ನೇ ಹಿಡಿದುಕೊಂಡನು. ಒಡೆಯರು ಅದೇ ಮೂರು ಲಕ್ಷವನ್ನು ಮೊಗಲರಿಗೆ ಕೊಟ್ಟು ಬೆಂಗಳೂರನ್ನು ಪಡೆದರು. ಅದು ಕ್ರಯವೋ ಗುತ್ತಿಗೆಯೋ ಎಂದು ವಿದ್ವಾಂಸರಲ್ಲಿ ಇನ್ನೂ ಜಗಳವಿದೆ. ಪತ್ರದ ಸ್ವರೂಪ ಸ್ಪಷ್ಟವಿಲ್ಲದಿದ್ದರೆ ಮೂರು ಶತಮಾನ ಕಳೆದರೂ ಹೀಗೆಯೇ. ಏಕೋಜಿಗೆ ಹಕ್ಕೂ ಹೋಯಿತು, ಹಣವೂ ಬರಲಿಲ್ಲ.

ಭೋಗಕ್ಕಿಂತ ಆಗಮ, ಎಂದರೆ ಹಕ್ಕು ಬಂದ ಮೂಲ, ಮೇಲು. ಆದರೆ ಎಳ್ಳಷ್ಟೂ ಭೋಗವಿಲ್ಲದ ಆಗಮಕ್ಕೆ ಬಲವಿಲ್ಲ ಎಂದು ಯಾಜ್ಞವಲ್ಕ್ಯನ ಮತ. ಆರ್.ಟಿ. ನಗರದಲ್ಲಿ ಹಳೆಯ ಮನೆಯೊಂದನ್ನು ಕೊಳ್ಳುವವರು ಇದನ್ನು ಮರೆಯಬಾರದು. ಮೇಲಿನ ಅಂತಸ್ತಿನಲ್ಲಿರುವವರು ಬಾಡಿಗೆಗೆ ಇದ್ದಾರೆಯೋ, ಇಡುಗಂಟು ಕೊಟ್ಟು ಭೋಗ್ಯಕ್ಕೆ ಇದ್ದಾರೆಯೋ? ಭೋಗ್ಯದ ಕರಾರು ನೋಂದಣಿಯಾಗದಿದ್ದರೆ ಇ.ಸಿ.ಯಲ್ಲಿ ಬಾರದು. ಬಾಗಿಲು ತಟ್ಟಿ ಅವರನ್ನೇ ಕೇಳಬೇಕು. ಕೇಳಲು ಸಂಕೋಚಪಟ್ಟವರು ಮನೆಯನ್ನು ಕೊಂಡ ಮೇಲೆ ಆ ಇಡುಗಂಟನ್ನೂ ತಾವೇ ತೀರಿಸಬೇಕಾಗಿ ಬಂದೀತು.

ಭೂಮಿ ಮೊದಲು ಯಾರಿಂದ ಬಂತೆಂಬ ಪ್ರಶ್ನೆಯೂ ಉಂಟು. ದಾನಕ್ಕೆ ಷರತ್ತು ಇರುವುದು ಹಿಂದಿನಂತೆ ಇಂದೂ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಬಡವರಿಗೆ ಸರಕಾರ ಕೊಟ್ಟ ಭೂಮಿಯನ್ನು ಅದರ ಅನುಮತಿಯಿಲ್ಲದೆ ಮಾರುವಂತಿಲ್ಲವೆಂದು 1978ರ ಕಾಯಿದೆ. ಕೊಟ್ಟದ್ದು ಅವರ ಕೈತಪ್ಪಬಾರದೆಂಬುದು ನ್ಯಾಯವೇ. ಎಷ್ಟು ಕೈ ದಾಟಿದ್ದರೂ ಅದು ಹಿಂದಕ್ಕೆ ಹೋಗಬಹುದು. ಸರಕಾರವೇ ಬೇಕೆಂದು ಗುರುತಿಟ್ಟ ಭೂಮಿಯದು ಇನ್ನೊಂದು ಕಥೆ. ಬಡಗಣ ಬೆಂಗಳೂರಿನ ಬಡಾವಣೆಗಳಿಗೆ ಸಾಹಿತಿಗಳ ಹೆಸರಿಡುವ ಚಾಳಿಯಿದೆ, ಆರ್.ಟಿ. ಎಂದರೆ ರವೀಂದ್ರನಾಥ ಟಾಗೂರರೇ. ಯಲಹಂಕದ ಸುತ್ತಿನ 17 ಹಳ್ಳಿಗಳ ಸುಮಾರು ಮೂರೂವರೆ ಸಾವಿರ ಎಕರೆಯಲ್ಲಿ ಶಿವರಾಮ ಕಾರಂತರ ಹೆಸರಿನ ಬಡಾವಣೆಗೆ 2008ರಲ್ಲಿ ಅಭಿವೃದ್ಧಿ ಪ್ರಾಧಿಕಾರ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮುಂದುವರಿಸುವಂತೆ ಆಜ್ಞೆ ಮಾಡಿತು. ನಡುವಣ ಹತ್ತು ವರ್ಷದಲ್ಲಿ ಅಲ್ಲಿ ಸೈಟು ಕೊಂಡು ಮನೆ ಕಟ್ಟಿದ ಸಂಸಾರಗಳ ಪಾಡನ್ನು ಬರೆಯಲು ಕಾರಂತರೇ ಬೇಕಾಗಿತ್ತು. ಸರ್ವೆ ನಂಬರು ಹಿಡಿದುಕೊಂಡು ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಲು ಅರ್ಧ ದಿನ ಸಾಕು.

ಮಾರುವವರ ಕಷ್ಟವೂ ಸಣ್ಣದಲ್ಲ. ಮುಂಗಡ ಕೊಟ್ಟವನು ಬಾಕಿ ತರದೆ ವರ್ಷಗಟ್ಟಲೆ ಎಳೆದಾಡುವುದುಂಟು. ಕರಾರಿನಲ್ಲಿ ವಾಯಿದೆಯ ತಾರೀಖನ್ನು ಅಕ್ಷರದಲ್ಲಿಯೂ ಬರೆಸಿರಿ. 2024ರಿಂದ ನಗರದಲ್ಲಿ ಇ-ಖಾತೆಯಿಲ್ಲದೆ ನೋಂದಣಿಯಿಲ್ಲವಾದ್ದರಿಂದ, ಮಾರುವ ಯೋಚನೆ ಬಂದ ದಿನವೇ ಅದನ್ನು ಮಾಡಿಸಿಕೊಳ್ಳುವುದು ಲೇಸು. ಕೊಂಡವನು ಖಾತೆ ಬದಲಾಯಿಸಿಕೊಂಡನೇ ಎಂದು ಆಮೇಲೂ ನೋಡಿರಿ, ಇಲ್ಲದಿದ್ದರೆ ಕಂದಾಯದ ತಗಾದೆ ನಿಮ್ಮ ಹೆಸರಿಗೇ ಬರುತ್ತಿರುತ್ತದೆ. ಮೂಲಪತ್ರಗಳನ್ನು ಕೊಡುವಾಗ ಪಟ್ಟಿಮಾಡಿ, ಪಡೆದವನ ರುಜು ತೆಗೆದುಕೊಂಡು ಕೊಡಿ. ಆಸ್ತಿಯಲ್ಲಿ ಒಂದು ಭಾಗವನ್ನಷ್ಟೇ ಮಾರುವುದಾದರೆ ಮೂಲಪತ್ರ ನಿಮ್ಮಲ್ಲೇ ಉಳಿಯಬಹುದು. ಕೊಂಡವನಿಗೆ ಬೇಕಾದಾಗ ತೋರಿಸುವ ಹೊಣೆ ನಿಮ್ಮದು.

ಮನೆ ಬದಲಾಯಿಸುವ ದಿನ ಅಟ್ಟದ ಟ್ರಂಕುಗಳೆಲ್ಲ ಕೆಳಗಿಳಿಯುತ್ತವೆ. ಅಜ್ಜನ ಕಾಲದ ಛಾಪಾಕಾಗದ ಕೈಗೆ ಸಿಕ್ಕಿದರೆ ರದ್ದಿಯೊಡನೆ ಹಾಕಬೇಡಿ. ಅದರ ಕೊನೆಯಲ್ಲಿ ಸಾಕ್ಷಿಗಳ ರುಜುಗಳ ಕೆಳಗೆ 'ಬಿಕ್ಕಲಂ' ಎಂದು ಬರೆದವನ ಹೆಸರಿರುತ್ತದೆ. ಶಾಸನಗಳ ಕೊನೆಯಲ್ಲಿ ಸೇನಬೋವನ ಹೆಸರು ಬರುವ ಜಾಗ ಅದು. ಎಂಬತ್ತು ತೊಂಬತ್ತು ವರ್ಷದ ಹಿಂದೆ ನಿಮ್ಮ ಅಡಿಗೆಮನೆ ಇರುವ ಜಾಗಕ್ಕೆ ಮೂಡಲಲ್ಲಿ ಯಾವ ಮರವಿತ್ತೆಂದು ಕಣ್ಣಾರೆ ಕಂಡು ಬರೆದವನು ಅವನು.